ಪರಭಾಷೆಯ ಮನೆಯಲ್ಲಿ ಪ್ರಹಸನ: ಡೆಸಿ ಅರ್ನಾಜನ ಜೀವಿತ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸದ ಕಾರಣಗಳನ್ನು ಎಣಿಸುವಾಗ ವಿಕೃತವಾದ ವೇಷಾಲಂಕಾರಗಳೊಡನೆ ವಿಕೃತವಾದ ಮಾತನ್ನೂ ಸೇರಿಸಿದ್ದಾನೆ. ಮಾತು ವಿಕೃತವೆಂದು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯನ್ನು ಆತನು ಎತ್ತಲಿಲ್ಲ. ಗಡಿನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕಾಸರಗೋಡಿನ ಕನ್ನಡಿಗನು ಬೆಂಗಳೂರಿಗೆ ಹೋಗಿ ಬಾಯಿ ತೆರೆದನೆಂದರೆ ‘ಮಂಗಳೂರು ಕಡೆಯವರೋ?’ ಎಂಬ ಮಂದಹಾಸ. ತಿರುವನಂತಪುರದ ಕಚೇರಿಯಲ್ಲಿ ನಿಂತು ಮಲೆಯಾಳದಲ್ಲಿ ನಾಲ್ಕು ಮಾತಾಡಿದರೆ ಅಲ್ಲಿಯೂ ಮಂದಹಾಸ. ಕನ್ನಡ ಚಲಚ್ಚಿತ್ರಗಳಲ್ಲಿ ಪುಸ್ತಕದ ಕನ್ನಡವನ್ನು ಎಳೆದೆಳೆದು ಆಡುವ ಕರಾವಳಿಯ ಅಡುಗೆಯವನೂ ಹೋಟೆಲಿನ ಯಜಮಾನನೂ ಎಷ್ಟು ಬಾರಿ ನಗೆಗೀಡಾಗಿಲ್ಲ! ನಗುವವರಲ್ಲಿ ದ್ವೇಷವಿರುತ್ತದೆಂದು ಹೇಳಲಾರೆವು. ಆದರೂ ಮನೆಗೆ ಮರಳಿದ ಮೇಲೆ ಆ ನಗು ಒಂದು ಮುಳ್ಳಿನಂತೆ ಒಳಗೆ ಉಳಿದಿರುವುದುಂಟು.

ಈ ಮುಳ್ಳನ್ನೇ ತನ್ನ ಜೀವನೋಪಾಯವನ್ನಾಗಿ ಮಾಡಿಕೊಂಡು, ಒಂದು ಮಹಾರಾಷ್ಟ್ರವನ್ನೇ ನಗಿಸಿ, ಕಡೆಗೆ ಆ ನಗುವಿನ ಒಡೆತನವನ್ನೂ ತನ್ನ ಕೈಯಲ್ಲಿರಿಸಿಕೊಂಡ ಒಬ್ಬ ನಟನು ಅಮೆರಿಕ ದೇಶದಲ್ಲಿದ್ದನು. (ಇಲ್ಲಿ ಮಹಾರಾಷ್ಟ್ರವೆಂದರೆ ದೊಡ್ಡ ರಾಷ್ಟ್ರ ಎಂದಷ್ಟೇ ಅರ್ಥ, ಸೊಲ್ಲಾಪುರದ ನಮ್ಮ ಬಂಧುಗಳು ಬೇರೆ ತಿಳಿಯಬಾರದು.) ಆತನ ಹೆಸರು ಡೆಸಿ ಅರ್ನಾಜ್. ಮಾರ್ಗ–ದೇಸಿಗಳ ಸಮನ್ವಯವನ್ನು ಪಂಪನಿಂದ ಕಲಿತ ನಮಗೆ ಆ ಹೆಸರು ಕಿವಿಗೆ ಇಂಪಾದರೂ ಅದಕ್ಕೂ ನಮ್ಮ ದೇಸಿಗೂ ಸಂಬಂಧವಿಲ್ಲ. ಅದು ಡೆಸಿಡೇರಿಯೊ ಎಂಬುದರ ಹ್ರಸ್ವರೂಪ. ಲ್ಯಾಟಿನ್ ಮೂಲದಲ್ಲಿ ಬಯಕೆ ಎಂಬ ಅರ್ಥವುಳ್ಳದ್ದು.

ಡೆಸಿಯು ೧೯೧೭ನೆಯ ಮಾರ್ಚ್ ೨ರಂದು ಕ್ಯೂಬಾ ದ್ವೀಪದ ಸಾಂಟಿಯಾಗೊ ನಗರದಲ್ಲಿ ಜನಿಸಿದನು. ಮನೆಮಾತು ಸ್ಪಾನಿಷ್. ತಂದೆ ಆ ನಗರದ ಮೇಯರರಾಗಿದ್ದು ಮುಂದೆ ದೇಶದ ಶಾಸನಸಭೆಗೆ ಹೋದವರು. ತಾಯಿಯ ತಂದೆ ಪ್ರಸಿದ್ಧವಾದ ಬಕಾರ್ಡಿ ಮದ್ಯದ ಕಂಪನಿಯ ಅಧಿಕಾರಿಗಳಲ್ಲೊಬ್ಬರು. ಹೀಗೆ ಎರಡು ಕಡೆಯಿಂದಲೂ ಸಂಪತ್ತಿನಲ್ಲಿ ಬೆಳೆದ ಬಾಲಕನಿಗೆ ಹದಿನಾರು ವರ್ಷವಾಗಿದ್ದಾಗ, ೧೯೩೩ರ ಆಗಸ್ಟಿನಲ್ಲಿ, ಕ್ಯೂಬಾದ ಸರ್ವಾಧಿಕಾರಿ ಮಚಾಡೊ ಪದಚ್ಯುತನಾದನು. ಅವನ ಪಕ್ಷದವರೆನಿಸಿಕೊಂಡವರ ಮನೆಗಳ ಮೇಲೆ ಜನರು ನುಗ್ಗಿದರು. ಅರ್ನಾಜರ ಮನೆಯೂ ಹಾಳಾಯಿತು, ಆಸ್ತಿ ಹೋಯಿತು, ತಂದೆ ಸುಮಾರು ಆರು ತಿಂಗಳು ಸೆರೆಮನೆಯಲ್ಲಿದ್ದು ಬಿಡುಗಡೆಯಾದ ಮೇಲೆ ಅಮೆರಿಕದ ಮಯಾಮಿ ನಗರಕ್ಕೆ ಹೋದರು. ಮಗನು ಹಿಂಬಾಲಿಸಿದನು.

ಮಯಾಮಿಯಲ್ಲಿ ತಂದೆಮಕ್ಕಳು ಒಂದು ಉಗ್ರಾಣದಲ್ಲಿ ಇಲಿಗಳೊಡನೆ ಸಂಸಾರ ಮಾಡಿದರು. ಮೇಯರರ ಮಗನು ಹಕ್ಕಿಗಳನ್ನು ಮಾರುವವನೊಬ್ಬನ ಪಂಜರಗಳನ್ನು ತೊಳೆಯುವ ಕೆಲಸಕ್ಕೆ ಸೇರಿದನು. ಇಂಗ್ಲಿಷ್ ಕಲಿಯಲು ಹೋದ ಶಾಲೆಯಲ್ಲಿ ಆತನಿಗೆ ದೊರೆತ ಗೆಳೆಯನು ಯಾರೆಂದರೆ, ಆಗ ಸೆರೆಯಲ್ಲಿದ್ದ ಕುಖ್ಯಾತ ದುಷ್ಕರ್ಮಿ ಆಲ್ ಕಪೋನನ ಮಗ. ಈ ಸ್ನೇಹದ ಪ್ರಸ್ತಾಪ ಮುಂದೆ ಬರುವುದಿದೆ.

ಹೊಟ್ಟೆಪಾಡಿಗಾಗಿ ಡೆಸಿಯು ಗಿಟಾರು ಹಿಡಿದು ಒಂದು ಸಣ್ಣ ವಾದ್ಯತಂಡವನ್ನು ಸೇರಿದನು. ಅಲ್ಲಿಂದ ಲ್ಯಾಟಿನ್ ಸಂಗೀತದಲ್ಲಿ ಆಗ ಅಗ್ರಗಣ್ಯನಾಗಿದ್ದ ಷಾವಿಯೇರ್ ಕೂಗಾಟನ ತಂಡದಲ್ಲಿ ಕೆಲಕಾಲ ಶಿಕ್ಷಣ. ಮರಳಿ ಮಯಾಮಿಗೆ ಬಂದು ತನ್ನದೇ ತಂಡವನ್ನು ಕಟ್ಟಿದಾಗ, ಜೊತೆಗಿದ್ದ ವಾದ್ಯಗಾರರಿಗೆ ಕ್ಯೂಬಾದ ಗತಿಗಳು ಬಾರವು. ಮೊದಲ ರಾತ್ರಿಗಳಲ್ಲೇ ಕಚೇರಿ ನೀರಸವಾಗುವ ಸ್ಥಿತಿ ಬಂದಿತು. ಆಗ ಆತನು ತನ್ನ ಊರಿನ ಕಾರ್ನಿವಲ್ ಹಬ್ಬದ ಬೀದಿಕುಣಿತವಾದ ಕಾಂಗಾವನ್ನು ನೆನೆದು, ಡೋಲನ್ನು ಕೊರಳಿಗೆ ಹಾಕಿಕೊಂಡು, ಸಭಿಕರನ್ನೇ ಒಬ್ಬರ ಹಿಂದೊಬ್ಬರಂತೆ ಸಾಲಾಗಿ ನಿಲ್ಲಿಸಿ ಕುಣಿಸಿದನು. ಕಾಂಗಾ ಸಾಲು ಅಮೆರಿಕದಲ್ಲೆಲ್ಲ ಹಬ್ಬಿತು. ಇಲ್ಲೊಂದು ಕಹಿಯಾದ ವಿನೋದವಿದೆ. ಈ ಕುಣಿತವು ಸಾಂಟಿಯಾಗೊದ ಬಡ ಕರಿಯ ಜನರ ಸೊತ್ತು. ಅದು ಅಸಭ್ಯವೆಂದು ೧೯೨೦ರ ದಶಕದಲ್ಲಿ ಬೀದಿಗಳಲ್ಲಿ ನಿಷೇಧಿಸಿದವರು ಆಗ ಮೇಯರರಾಗಿದ್ದ ಡೆಸಿಯ ತಂದೆಯವರೇ! ತಂದೆ ಊರಿನಲ್ಲಿ ಹೊರಹಾಕಿದ್ದು ಮಗನಿಗೆ ಪರದೇಶದಲ್ಲಿ ಅನ್ನವಿಕ್ಕಿತು. ಮುಂದೆ ಆತನ ಮುದ್ರಿಕೆಯಂತೆಯೇ ಆಗಿಹೋದ ‘ಬಬಲು’ ಎಂಬ ಹಾಡು ಕೂಡ ಆಫ್ರಿಕದಿಂದ ಬಂದ ಜನರ ದೇವತೆಯೊಂದನ್ನು ಕುರಿತದ್ದು. ಭೂತದ ಕೋಲವನ್ನು ಕೀಳೆಂದು ಬಗೆದ ಮನೆತನದ ಹುಡುಗನು ದೂರದೇಶಕ್ಕೆ ಹೋಗಿ ಅದರದೇ ತೆಂಬರೆಯ ಸದ್ದಿನಿಂದ ಹೆಸರು ಗಳಿಸಿದರೆ ಹೇಗೋ ಹಾಗೆ ಇದು. ಡೆಸಿಯ ಕೀರ್ತಿಯಲ್ಲಿ ಆ ಅಜ್ಞಾತ ಜನರಿಗೂ ಒಂದು ಪಾಲು ಸಲ್ಲತಕ್ಕದ್ದೆಂದು ನನ್ನ ಮತ.

೧೯೩೯ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ‘ಟೂ ಮೆನಿ ಗರ್ಲ್ಸ್’ ಎಂಬ ಸಂಗೀತನಾಟಕದಲ್ಲಿ ಆತನಿಗೆ ಪಾತ್ರ ಸಿಕ್ಕಿತು. ಮರುವರ್ಷ ಅದೇ ನಾಟಕವನ್ನು ಆರ್‌ಕೆಓ ಎಂಬ ಕಂಪನಿ ಹಾಲಿವುಡ್ಡಿನಲ್ಲಿ ಚಿತ್ರವಾಗಿಸಿದಾಗ ನಾಯಕಿಯಾಗಿ ನಟಿಸಿದವಳು ಲೂಸಿಲ್ ಬಾಲ್. ಆಕೆ ಆತನಿಗಿಂತ ಆರು ವರ್ಷ ಹಿರಿಯಳು, ಹತ್ತಾರು ಚಿತ್ರಗಳಲ್ಲಿ ನಟಿಸಿಯೂ ಮೊದಲ ಪಂಕ್ತಿಗೆ ಏರದಿದ್ದ ನಟಿ. ೧೯೪೦ರ ನವೆಂಬರ್ ೩೦ರಂದು ಇಬ್ಬರೂ ವಿವಾಹವಾದರು. ಅನಂತರದ ಹತ್ತು ವರ್ಷ ಈ ದಂಪತಿಗಳು ಒಂದೇ ಸೂರಿನ ಕೆಳಗೆ ಇದ್ದ ದಿನಗಳು ಕಡಮೆ. ಡೆಸಿಯು ೧೯೪೩ರಲ್ಲಿ ‘ಬಟಾನ್’ ಎಂಬ ಯುದ್ಧಚಿತ್ರದಲ್ಲಿ ನಟಿಸಿದನು. ಅದರಲ್ಲಿ ಸಾಯುವ ಸೈನಿಕನ ಪಾತ್ರಕ್ಕೆ, ಬಾಲ್ಯದಲ್ಲಿ ಪಾದ್ರಿಗಳ ಶಾಲೆಯಲ್ಲಿ ಕಲಿತ ಲ್ಯಾಟಿನ್ ಪ್ರಾರ್ಥನೆಯನ್ನು ತಾನಾಗಿ ಸೇರಿಸಿ ಮೆಚ್ಚುಗೆ ಪಡೆದನು. ಬಳಿಕ ಸೈನ್ಯಕ್ಕೆ ಸೇರಿ, ಮೊಣಕಾಲಿನ ಪೆಟ್ಟಿನಿಂದಾಗಿ ಕ್ಯಾಲಿಫೋರ್ನಿಯದ ಆಸ್ಪತ್ರೆಯೊಂದರಲ್ಲಿ ಗಾಯಾಳು ಸೈನಿಕರನ್ನು ರಂಜಿಸುವ ಕಾರ್ಯದಲ್ಲಿದ್ದನು. ಯುದ್ಧಾನಂತರ ವಾದ್ಯವೃಂದವನ್ನು ಕಟ್ಟಿಕೊಂಡು ಊರೂರು ತಿರುಗಿದನು. ಪತಿ ಪ್ರವಾಸದಲ್ಲಿ, ಪತ್ನಿ ಸ್ಟುಡಿಯೋದಲ್ಲಿ.

೧೯೪೮ರಿಂದ ಲೂಸಿಲ್ಲಳು ಸಿಬಿಎಸ್ ಬಾನುಲಿಯಲ್ಲಿ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಹಾಸ್ಯಮಾಲಿಕೆಯ ಗೃಹಿಣಿಯಾಗಿ ಜನಪ್ರಿಯಳಾದಳು. ೧೯೫೦ರಲ್ಲಿ ಅದನ್ನು ಟೆಲಿವಿಷನ್ನಿಗೆ ತರಬೇಕೆಂದು ಕಂಪನಿಯವರು ಆಕೆಯನ್ನು ಕೇಳಿದರು. ಆಕೆ ಒಂದೇ ಕರಾರನ್ನು ಮುಂದಿಟ್ಟಳು: ಗಂಡನ ಪಾತ್ರವನ್ನು ತನ್ನ ನಿಜವಾದ ಗಂಡನೇ ಮಾಡಬೇಕು. ಕಂಪನಿಯವರು ತಲೆಯಾಡಿಸಿದರು. ಇಂಗ್ಲಿಷನ್ನು ಸ್ಪಾನಿಷಿನಂತೆ ಉಚ್ಚರಿಸುವ ಕ್ಯೂಬಾದವನೊಬ್ಬನು ಅಮೆರಿಕದ ಗೃಹಿಣಿಯ ಗಂಡನೆಂದರೆ ಜನರು ನಂಬುವರೆ? ಒಪ್ಪುವರೆ? ಹತ್ತು ವರ್ಷಗಳಿಂದ ಅಗ್ನಿಸಾಕ್ಷಿಯಂತೆ ಸತಿಪತಿಗಳಾಗಿದ್ದವರನ್ನು ಕುರಿತು, ನಿಮ್ಮ ದಾಂಪತ್ಯವು ನಂಬತಕ್ಕದ್ದಲ್ಲ ಎಂದು ಹೇಳಿದಂತಾಯಿತು! ದಂಪತಿಗಳು ವಾದಕ್ಕಿಳಿಯಲಿಲ್ಲ. ಆ ಬೇಸಿಗೆಯಲ್ಲಿ ಒಂದು ಪ್ರಹಸನವನ್ನು ಕಟ್ಟಿಕೊಂಡು, ನಮ್ಮ ನಾಟಕ ಕಂಪನಿಗಳು ಮೊಕ್ಕಾಂ ಮಾಡುತ್ತಿದ್ದಂತೆ, ನಗರದಿಂದ ನಗರಕ್ಕೆ ಹೋಗಿ ಆಡಿ ತೋರಿಸಿದರು. ಜನರು ನಕ್ಕರು, ಚಪ್ಪಾಳೆ ತಟ್ಟಿದರು. ೧೯೫೧ನೆಯ ಮಾರ್ಚ್ ೨ರಂದು, ಡೆಸಿಯ ಮೂವತ್ತನಾಲ್ಕನೆಯ ಹುಟ್ಟುಹಬ್ಬದ ದಿನ, ಪರೀಕ್ಷಾರ್ಥವಾಗಿ ಮೊದಲ ಕಂತು ಸಿದ್ಧವಾಯಿತು.

ಈಗ ಡೆಸಿಯ ವ್ಯವಹಾರಬುದ್ಧಿಯನ್ನು ಹೇಳಬೇಕು. ಆ ಕಾಲದಲ್ಲಿ ಟೆಲಿವಿಷನ್ ಕಾರ್ಯಕ್ರಮಗಳು ಬಹುಮಟ್ಟಿಗೆ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಪಶ್ಚಿಮ ತೀರದವರಿಗೆ, ಟೆಲಿವಿಷನ್ ಪರದೆಯ ಮುಂದೆ ಕ್ಯಾಮರಾ ಇಟ್ಟು ತೆಗೆದ ಮಸುಕಾದ ಪ್ರತಿಯೇ ಗತಿ. ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟು ಕಂಪನಿಯವರು ದಂಪತಿಗಳನ್ನು ನ್ಯೂಯಾರ್ಕಿಗೆ ಕರೆದರು. ಇವರು ಹಾಲಿವುಡ್ಡನ್ನು ಬಿಡಲೊಲ್ಲರು. ಚಲಚ್ಚಿತ್ರದಂತೆ ಒಳ್ಳೆಯ ೩೫ ಮಿಲಿಮೀಟರ್ ಫಿಲ್ಮಿನಲ್ಲೇ ಚಿತ್ರಿಸೋಣ, ಆದರೆ ನಾಟಕದಂತೆ ಸಭಿಕರ ಮುಂದೆ ಆಡೋಣ ಎಂದು ಡೆಸಿಯು ಸೂಚಿಸಿದನು. ಖರ್ಚು ಹೆಚ್ಚು ಎಂಬ ಆಕ್ಷೇಪ ಬಂತು. ನಮ್ಮ ಸಂಬಳದಲ್ಲಿ ವಾರಕ್ಕೆ ಸಾವಿರ ಡಾಲರನ್ನು ಕಡಮೆ ಮಾಡಿಕೊಳ್ಳುತ್ತೇವೆ, ಪ್ರತಿಯಾಗಿ ಫಿಲ್ಮುಗಳ ಒಡೆತನ ನಮ್ಮ ಡೆಸಿಲು ಕಂಪನಿಗೆ ಇರಲಿ ಎಂದು ಆತನು ಹೇಳಿದನು. ಒಮ್ಮೆ ಪ್ರಸಾರವಾದ ಕಂತಿಗೆ ಮತ್ತೆ ಬೆಲೆಯೇನು ಎಂದು ಎಣಿಸಿದ ಸಿಬಿಎಸ್ ಸಂತೋಷದಿಂದ ಒಪ್ಪಿತು. ಹಕ್ಕಿಯ ಪಂಜರ ತೊಳೆದವನು ಅಲ್ಲಿ ಗೆದ್ದನು.

ಒಂದೇ ಕಾಲಕ್ಕೆ ಮೂರು ಫಿಲ್ಮ್ ಕ್ಯಾಮರಾಗಳು ಓಡಬೇಕು. ಮುನ್ನೂರು ಮಂದಿ ಸಭಿಕರಿಗೆ ನಟರು ಮರೆಯಾಗಬಾರದು. ದೀಪಗಳನ್ನು ನಡುನಡುವೆ ಬದಲಿಸುವಂತಿಲ್ಲ. ಈ ಸಮಸ್ಯೆಯನ್ನು ಪರಿಹರಿಸಲು ಡೆಸಿಯು ಕಾರ್ಲ್ ಫ್ರಾಯಂಡ್ ಎಂಬ ಹಿರಿಯ ಛಾಯಾಗ್ರಾಹಕನನ್ನು ಕರೆತಂದನು. ೧೯೨೭ರ ‘ಮೆಟ್ರೊಪೊಲಿಸ್’ ಎಂಬ ಜರ್ಮನ್ ಚಿತ್ರಕ್ಕೆ ಕ್ಯಾಮರಾ ಹಿಡಿದ ಮಹಾಶಯನಾತ. ಹಲವು ಕ್ಯಾಮರಾಗಳ ವಿಧಾನವನ್ನು ಡೆಸಿಯೇ ಮೊದಲು ಕಂಡುಹಿಡಿದನೆಂದು ಬರೆಯುವವರುಂಟು; ಅದು ಸರಿಯಲ್ಲ, ಅದಕ್ಕೂ ಮುಂಚೆ ಪ್ರಯತ್ನಗಳು ನಡೆದಿದ್ದವು. ಅದನ್ನು ಸಭಿಕರ ನಗುವಿನೊಡನೆ ಬೆಸೆದು, ಮುಂದಿನವರೆಲ್ಲ ಅನುಸರಿಸುವ ಪದ್ಧತಿಯನ್ನಾಗಿ ಮಾಡಿದ ಶ್ರೇಯಸ್ಸು ಆತನ ಬಳಗದ್ದು. ನಮ್ಮ ಕುಂಬಳೆ ಸೀಮೆಯ ಬಯಲಾಟಗಳಲ್ಲಿ ಎಷ್ಟು ತಲೆಮಾರುಗಳ ಹಾಸ್ಯಗಾರರು ಬೆಳಗಿನ ತನಕ ನಗಿಸಿ ಹೋದರು! ಧ್ವನಿಮುದ್ರಣ ಬರುವುದಕ್ಕೆ ಮುಂಚಿನವರ ಆಶುಮಾತುಗಳಲ್ಲಿ ಹಿರಿಯರ ನೆನಪಿಗೆ ನಿಂತ ಚೂರುಗಳ ಹೊರತು ಏನೂ ಉಳಿದಿಲ್ಲ. ೧೯೫೧ರಲ್ಲಿ ಸಾವಿರ ಡಾಲರು ಬಿಟ್ಟುಕೊಟ್ಟವನ ನಗು ಇಂದಿಗೂ ನೋಡಸಿಕ್ಕುತ್ತದೆ.

‘ಐ ಲವ್ ಲೂಸಿ’ ೧೯೫೧ನೆಯ ಅಕ್ಟೋಬರ್ ೧೫ರ ಸೋಮವಾರ ಆರಂಭವಾಯಿತು. ಪ್ರತಿ ವಾರವೂ ಅದೇ ಮನೆ, ಅದೇ ಜನ, ಹೊಸದೊಂದು ಫಜೀತಿ ಎಂಬ ಈ ಬಗೆಯ ಧಾರಾವಾಹಿಯನ್ನು ಸಿಟ್‌ಕಾಂ, ಅಂದರೆ ಸನ್ನಿವೇಶಹಾಸ್ಯ ಎನ್ನುತ್ತಾರೆ. ನಮ್ಮ ದೂರದರ್ಶನದಲ್ಲಿ ಅದು ‘ಯೆ ಜೋ ಹೈ ಜಿಂದಗಿ’ಯ ಮೂಲಕ ೧೯೮೪ರಲ್ಲಿ ಮನೆಮಾತಾಯಿತು. ಡೆಸಿಯ ಪಾತ್ರದ ಹೆಸರು ರಿಕಿ ರಿಕಾರ್ಡೊ. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ವಾದ್ಯತಂಡದ ನಾಯಕ. ಮಡದಿ ಲೂಸಿಗೆ ರಂಗವೇರಬೇಕೆಂಬ ಹಂಬಲ, ಆದರೆ ಪ್ರತಿಭೆಯಿಲ್ಲ. ನೆರೆಯಲ್ಲಿ ಮನೆಯೊಡೆಯರಾದ ಮುದಿ ದಂಪತಿಗಳು, ಫ್ರೆಡ್ ಮತ್ತು ಎಥೆಲ್. ಕಥೆ ಇಷ್ಟೇ. ಆರು ವರ್ಷಗಳಲ್ಲಿ ನಾಲ್ಕು ವರ್ಷ ದೇಶದ ಪ್ರಥಮ ಸ್ಥಾನ ಈ ಮಾಲಿಕೆಗೆ ದೊರಕಿತು.

ಹಾಸ್ಯದ ಬಹುಭಾಗ ಲೂಸಿಲ್ಲಳದು. ಆಕೆಯಂಥ ವಿದೂಷಕಿ ವಿರಳ. ಆದರೆ ವಿದೂಷಕನಿಗೆ ಎದುರಾಳಿ ಬೇಕು. ಯಕ್ಷಗಾನದಲ್ಲಿ ಹಾಸ್ಯಗಾರನು ಒಗೆದ ಮಾತಿಗೆ ಭಾಗವತರು ಗಂಭೀರವಾಗಿ ‘ಹೌದೇ? ಹೇಗೆ?’ ಎಂದು ಕೇಳದಿದ್ದರೆ ಅರ್ಧ ನಗು ನೆಲಕ್ಕೆ ಬೀಳುತ್ತದೆ. ರಿಕಿಯ ಕೆಲಸ ಅದು. ಕಣ್ಣರಳಿಸುವುದು, ಗದರಿಸುವುದು, ಸೋಲುವುದು. ತಾಳ ತಪ್ಪಿದರೆ ಎಲ್ಲ ಕೆಟ್ಟಿತು. ವಾದ್ಯಗಾರನಾದ್ದರಿಂದ ಆತನಿಗೆ ತಾಳ ತಪ್ಪುತ್ತಿರಲಿಲ್ಲ. ಸಹನಟರಾದ ಲೂಸಿಲ್ ಬಾಲ್, ವಿವಿಯನ್ ವ್ಯಾನ್ಸ್, ವಿಲಿಯಂ ಫ್ರಾಲಿ ಈ ಮೂವರ ಹೆಸರೂ ನಟನೆಗಾಗಿ ಎಮ್ಮಿ ಪ್ರಶಸ್ತಿಯ ಪರಿಶೀಲನೆಗೆ ಬಂತು. ಡೆಸಿಯದು ಒಮ್ಮೆಯೂ ಬರಲಿಲ್ಲ. ತಾನಿರುವಂತೆಯೇ ಮಾತನಾಡುವವನು ನಟಿಸುವುದೇನಿದೆ ಎಂದು ಬಲ್ಲವರು ಎಣಿಸಿದರೋ ಏನೋ! ನಾನಂತೂ ಇದನ್ನು ಅನ್ಯಾಯವೆಂದೇ ತಿಳಿಯುತ್ತೇನೆ.

ಇನ್ನು ಮಾತಿನ ವಿಷಯ. ಡೆಸಿಯ ಉಚ್ಚಾರಣೆಯನ್ನು ಕುರಿತು ಮಾಲಿಕೆಯಲ್ಲಿ ನಗೆಮಾತುಗಳು ಹೇರಳವಾಗಿವೆ. ಆದರೆ ಬರೆಹಗಾರರು ಮೊದಲಲ್ಲೇ ಒಂದು ಸಂಗತಿಯನ್ನು ಗಮನಿಸಿದರು. ಫ್ರೆಡ್ಡನೋ ಬೇರೊಬ್ಬರೋ ರಿಕಿಯ ಇಂಗ್ಲಿಷನ್ನು ಅಣಕಿಸಿದರೆ ಸಭಿಕರು ನಗುತ್ತಿರಲಿಲ್ಲ. ಲೂಸಿ ಅಣಕಿಸಿದರೆ ಮಾತ್ರ ನಗುತ್ತಿದ್ದರು. ಆದುದರಿಂದ ಅಣಕಿಸುವ ಹಕ್ಕು ಹೆಂಡತಿಗೆ ಮಾತ್ರ ಎಂಬುದು ಅಲ್ಲಿ ನಿಯಮವಾಯಿತು. ಸಾಮಾನ್ಯ ಸಭಿಕರಲ್ಲಿ ಇಷ್ಟು ಸೂಕ್ಷ್ಮವಾದ ಔಚಿತ್ಯಪ್ರಜ್ಞೆ ಇತ್ತೆಂಬುದು ಕ್ಷೇಮೇಂದ್ರನು ಕೇಳಿದ್ದರೆ ಮೆಚ್ಚುತ್ತಿದ್ದ ಸಂಗತಿ. ಪ್ರೀತಿಯಿಂದ ಆಡಿದ ಅಣಕಕ್ಕೂ ಹೊರಗಿನವರ ಅಣಕಕ್ಕೂ ಇರುವ ಅಂತರವನ್ನು ಗಡಿನಾಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಳು, ಹವ್ಯಕ, ಕೊಂಕಣಿ, ಮಲೆಯಾಳಗಳು ಒಂದೇ ಅಂಗಳದಲ್ಲಿ ಬೆರೆಯುವ ನಮ್ಮ ಮನೆಗಳಲ್ಲಿ ಅತ್ತಿಗೆಯು ಮೈದುನನ ಉಚ್ಚಾರವನ್ನು ದಿನವೂ ಆಡಿಕೊಳ್ಳುತ್ತಾಳೆ, ಯಾರೂ ನೊಂದುಕೊಳ್ಳುವುದಿಲ್ಲ.

ಭಾಷಾಧ್ಯಾಪಕನಾದ ನನಗೆ ಅತ್ಯಂತ ಪ್ರಿಯವಾದ ಕಂತು ೧೯೫೨ರ ಡಿಸೆಂಬರಿನಲ್ಲಿ ಪ್ರಸಾರವಾದದ್ದು. ಲೂಸಿ ಗರ್ಭಿಣಿ. ಹುಟ್ಟುವ ಶಿಶುವಿನ ಕಿವಿಗೆ ಶುದ್ಧವಾದ ಇಂಗ್ಲಿಷೇ ಬೀಳಬೇಕೆಂದು ಆಕೆ ಮನೆಗೊಬ್ಬ ಪಂಡಿತನನ್ನು ಗೊತ್ತುಮಾಡುತ್ತಾಳೆ. ರಿಕಿ ಮಕ್ಕಳ ಪುಸ್ತಕವನ್ನು ಹಿಡಿದು ಓದಲು ಕುಳಿತರೆ, ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವ ರಫ್, ಥ್ರೂ, ಬೌ, ಕಾಫ್ ಎಂಬ ಪದಗಳು ನಾಲ್ಕು ಬಗೆಯಾಗಿ ಉಚ್ಚಾರವಾಗುವುದನ್ನು ಕಂಡು ಕಂಗೆಡುತ್ತಾನೆ. ಬರೆದಂತೆ ಓದುವ ಸ್ಪಾನಿಷಿನವನಿಗೆ ಇದು ಹುಚ್ಚರ ಭಾಷೆಯಾಗಿ ಕಾಣುವುದು ಸಹಜ. ಬರೆದಂತೆ ಓದುವ ಕನ್ನಡದವರಾದ ನಾವು ರಿಕಿಯ ಪಕ್ಷವನ್ನು ವಹಿಸದೆ ಇರಲಾರೆವು. ಕಂತಿನ ಕೊನೆಯಲ್ಲಿ ಆಗುವುದೇನು? ರಿಕಿಗೆ ಶುದ್ಧ ಇಂಗ್ಲಿಷ್ ಬರುವುದಿಲ್ಲ. ಬದಲಾಗಿ ಪಂಡಿತನೇ ರಿಕಿಯ ಉಚ್ಚಾರದಲ್ಲಿ ‘ಬಬಲು’ ಹಾಡತೊಡಗುತ್ತಾನೆ.

ರಿಕಿಗೆ ಕೋಪ ಬಂದಾಗ ಆತನು ಇಂಗ್ಲಿಷನ್ನು ಬಿಟ್ಟು ಸ್ಪಾನಿಷಿನಲ್ಲಿ ಮಳೆಗರೆಯುತ್ತಿದ್ದನು. ಅದಕ್ಕೆ ಅನುವಾದವಿರಲಿಲ್ಲ. ಕೋಟ್ಯಂತರ ಜನರು ಅರ್ಥವಾಗದೆಯೂ ಅರ್ಥ ಮಾಡಿಕೊಂಡರು. ಮುಂದೆ ಮಗನು ಹುಟ್ಟಿದ ಬಳಿಕ, ತೊಟ್ಟಿಲ ಬಳಿ ನಿಂತು ಕೆಂಪು ಟೊಪ್ಪಿಗೆಯ ಹುಡುಗಿ ಮತ್ತು ತೋಳದ ಕಥೆಯನ್ನು ರಿಕಿಯು ಸ್ಪಾನಿಷಿನಲ್ಲಿ ಅಭಿನಯಿಸುತ್ತ ಹೇಳುವ ದೃಶ್ಯವೊಂದಿದೆ. ಆಡಳಿತದ ಭಾಷೆ ಯಾವುದಾದರೂ ಇರಲಿ, ಶಾಲೆಯ ಭಾಷೆ ಯಾವುದಾದರೂ ಇರಲಿ, ಮಗುವಿಗೆ ಕಥೆ ಹೇಳುವಾಗ ತಂದೆಯ ಬಾಯಿಂದ ಹೊರಡುವ ಭಾಷೆ ಯಾವುದು ಎಂಬುದನ್ನು ಆ ದೃಶ್ಯ ತೋರಿಸಿದೆ. ೧೯೫೬ರ ನವೆಂಬರ್ ೧ರಿಂದ ಬೇರೊಂದು ರಾಜ್ಯದಲ್ಲಿ ವಾಸಿಸುತ್ತಿರುವ ನಮ್ಮ ತಾಲೂಕುಗಳ ಜನರು ಅದನ್ನು ನೋಡಿದರೆ ಸ್ಪಾನಿಷ್ ಬಾರದಿದ್ದರೂ ತಿಳಿದುಕೊಳ್ಳುವರು.

ಆ ಮಗನ ಜನ್ಮವೃತ್ತಾಂತವೂ ಸ್ವಾರಸ್ಯವಾದುದು. ೧೯೫೨ರಲ್ಲಿ ಲೂಸಿಲ್ಲಳು ನಿಜವಾಗಿಯೇ ಮತ್ತೆ ಗರ್ಭವತಿಯಾದಾಗ, ಗರ್ಭಿಣಿಯನ್ನು ಟೆಲಿವಿಷನ್ನಿನಲ್ಲಿ ತೋರಿಸಕೂಡದು ಎಂದು ಪ್ರಾಯೋಜಕರು ಹಿಂಜರಿದರು. ಡೆಸಿಯು ನೇರವಾಗಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದು ಅಡ್ಡಿಯನ್ನು ನಿವಾರಿಸಿದನು. ಆದರೂ ‘ಗರ್ಭಿಣಿ’ ಎಂಬ ಪದವನ್ನು ಉಚ್ಚರಿಸಗೊಡಲಿಲ್ಲ. ಪ್ರತಿ ಕಂತನ್ನೂ ಮೂರು ಮತಗಳ ಧರ್ಮಗುರುಗಳು ಪರಿಶೀಲಿಸಿದರು. ೧೯೫೩ನೆಯ ಜನವರಿ ೧೯ರಂದು ಬೆಳಿಗ್ಗೆ ಆಕೆಗೆ ಶಸ್ತ್ರಚಿಕಿತ್ಸೆಯಿಂದ ಗಂಡುಮಗು ಜನಿಸಿತು. ಅಂದೇ ರಾತ್ರಿ ಧಾರಾವಾಹಿಯಲ್ಲೂ ಗಂಡುಮಗು ಜನಿಸಿತು. ಅದನ್ನು ನೋಡಿದವರು ಸುಮಾರು ೪ ಕೋಟಿ ೪೦ ಲಕ್ಷ ಜನ. ಮರುದಿನ ಐಸೆನ್‌ಹೋವರ್ ಅಧ್ಯಕ್ಷಪದವನ್ನು ಸ್ವೀಕರಿಸಿದ ಸಮಾರಂಭವನ್ನು ನೋಡಿದವರು ೨ ಕೋಟಿ ೯೦ ಲಕ್ಷ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಡಿಲೊಂದು ಎರಗಿತು. ಲೂಸಿಲ್ಲಳು ೧೯೩೬ರಲ್ಲಿ, ಅಜ್ಜನ ಮನಸ್ಸಂತೋಷಕ್ಕಾಗಿ, ತಾನು ಕಮ್ಯುನಿಸ್ಟ್ ಪಕ್ಷದ ಮತದಾರಳೆಂದು ಹೆಸರು ಬರೆಯಿಸಿದ್ದಳು. ಕಮ್ಯುನಿಸ್ಟ್ ಎಂಬ ಶಂಕೆಯೊಂದೇ ನಟರ ಅನ್ನವನ್ನು ಕಸಿಯುತ್ತಿದ್ದ ಕಾಲವದು. ಸುದ್ದಿ ಹೊರಬಿದ್ದಾಗ ಡೆಸಿಯು ಆ ವಾರದ ಚಿತ್ರಣಕ್ಕೆ ಮೊದಲು ಸಭಿಕರೆದುರು ಬಂದು, ನನ್ನ ಕುಟುಂಬವೇ ಕ್ಯೂಬಾದಿಂದ ಓಡಿಸಲ್ಪಟ್ಟದ್ದು, ನನ್ನ ಹೆಂಡತಿ ಅಂಥವಳಲ್ಲ ಎಂದು ಹೇಳಿದನು. ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು, ಗಂಡಾಂತರ ಕಳೆಯಿತು. ೧೯೩೩ರ ದಂಗೆಯು ಮಚಾಡೊನ ದಬ್ಬಾಳಿಕೆಯ ವಿರುದ್ಧ ನಾನಾ ಪಕ್ಷದವರು ಎದ್ದ ದಂಗೆಯೆಂಬುದನ್ನೂ, ಅದು ಕೇವಲ ಕಮ್ಯುನಿಸ್ಟರ ಕೆಲಸವಲ್ಲವೆಂಬುದನ್ನೂ ಆ ಗಳಿಗೆಯಲ್ಲಿ ಹೇಳುವ ವ್ಯವಧಾನ ಆತನಿಗಿರಲಿಲ್ಲ. ಹೆಂಡತಿಯನ್ನು ಉಳಿಸಬೇಕಾಗಿತ್ತು, ಉಳಿಸಿದನು.

ಫಿಲ್ಮುಗಳ ಒಡೆತನ ಫಲ ಕೊಟ್ಟಿತು. ಹಳೆಯ ಕಂತುಗಳನ್ನು ಮರುಪ್ರಸಾರ ಮಾಡಿದರೂ ಜನರು ನೋಡುವರೆಂಬುದು ಖಚಿತವಾದ ಮೇಲೆ, ತಾನು ಬೇಡವೆಂದು ಬಿಟ್ಟುಕೊಟ್ಟಿದ್ದ ಹಕ್ಕನ್ನು ಸಿಬಿಎಸ್ ೪೦ ಲಕ್ಷ ಡಾಲರುಗಳಿಗೂ ಮಿಕ್ಕಿದ ಬೆಲೆಗೆ ಕೊಂಡುಕೊಂಡಿತು. ಡೆಸಿಯು ೧೯೫೭ರ ಕೊನೆಯಲ್ಲಿ ಸುಮಾರು ೬೦ ಲಕ್ಷ ಡಾಲರು ತೆತ್ತು ಆರ್‌ಕೆಓ ಸ್ಟುಡಿಯೋವನ್ನೇ ಖರೀದಿಸಿದನು. ೧೯೪೦ರಲ್ಲಿ ಇಬ್ಬರೂ ಸಂಬಳದ ನಟರಾಗಿ ಮೊದಲು ಭೇಟಿಯಾದ ಸ್ಟುಡಿಯೋ ಅದು.

ಅಲ್ಲಿಂದ ಇಳಿಜಾರು. ಸ್ಟುಡಿಯೋದ ಭಾರ, ಕುಡಿತ, ಪರಸ್ತ್ರೀಸಂಗ. ಇವುಗಳನ್ನು ಮರೆಮಾಚುವುದು ಚರಿತ್ರೆಗೆ ಸಲ್ಲದು, ವಿಸ್ತರಿಸುವುದು ಸ್ಮರಣಸಂಚಿಕೆಗೆ ಸಲ್ಲದು. ೧೯೫೯ರಲ್ಲಿ ಡೆಸಿಲು ಆರಂಭಿಸಿದ ‘ದಿ ಅನ್‌ಟಚಬಲ್ಸ್’ ಮಾಲಿಕೆಯಲ್ಲಿ ಆಲ್ ಕಪೋನನ ಕಥೆ ಬಂದುದರಿಂದ, ಮಯಾಮಿಯ ಶಾಲೆಯ ಆ ಹಳೆಯ ಗೆಳೆಯನೂ ಅವನ ತಾಯಿಯೂ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ನಿಲ್ಲಲಿಲ್ಲ, ಸ್ನೇಹವೂ ನಿಲ್ಲಲಿಲ್ಲ. ಲೂಸಿ–ರಿಕಿಯರ ಕೊನೆಯ ಪ್ರಹಸನದ ಚಿತ್ರಣ ೧೯೬೦ನೆಯ ಮಾರ್ಚ್ ೨ರಂದು ನಡೆಯಿತು. ಅದು ಡೆಸಿಯ ನಲವತ್ತಮೂರನೆಯ ಹುಟ್ಟುಹಬ್ಬ. ಮೊದಲ ಕಂತು ತಯಾರಾದ ದಿನಕ್ಕೆ ಸರಿಯಾಗಿ ಒಂಬತ್ತು ವರ್ಷ. ಮರುದಿನವೇ ಲೂಸಿಲ್ಲಳು ವಿಚ್ಛೇದನಕ್ಕೆ ಅರ್ಜಿ ಸಲ್ಲಿಸಿದಳು.

೧೯೬೨ರಲ್ಲಿ ಡೆಸಿಯು ತನ್ನ ಪಾಲನ್ನು ೨೫ ಲಕ್ಷ ಡಾಲರುಗಳಿಗೆ ಆಕೆಗೇ ಮಾರಿ, ಕುದುರೆಗಳನ್ನು ಸಾಕುತ್ತ ಇದ್ದನು. ೧೯೬೩ರಲ್ಲಿ ಮರುವಿವಾಹವಾಯಿತು. ೧೯೬೭ರಿಂದ ಎರಡು ವರ್ಷ ‘ದಿ ಮದರ್ಸ್ ಇನ್ ಲಾ’ ಎಂಬ ಹಾಸ್ಯಮಾಲಿಕೆಯನ್ನು ನಿರ್ಮಿಸಿದನು. ೧೯೭೬ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ ಅದಕ್ಕೆ ‘ಎ ಬುಕ್’, ಅಂದರೆ ‘ಒಂದು ಪುಸ್ತಕ’, ಎಂದಷ್ಟೇ ಹೆಸರಿಟ್ಟನು. ೧೯೮೬ನೆಯ ಡಿಸೆಂಬರ್ ೨ರಂದು, ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಅರ್ಬುದದಿಂದ ಮೃತನಾದನು. ಐದು ದಿನಗಳ ಅನಂತರ ವಾಷಿಂಗ್ಟನ್ನಿನಲ್ಲಿ ಲೂಸಿಲ್ಲಳಿಗೆ ಕೆನಡಿ ಕೇಂದ್ರದ ಸನ್ಮಾನ. ಸಭೆಯಲ್ಲಿ ಓದುವುದಕ್ಕೆಂದು ಡೆಸಿಯು ಸಾಯುವ ಮೊದಲು ಒಂದು ಬರೆಹವನ್ನು ಕಳುಹಿಸಿದ್ದನು. ಮಾಲಿಕೆ ಗೆದ್ದುದು ಆಕೆಯಿಂದಲೇ ಎಂದು ಹೇಳಿ, ಅದರ ಶೀರ್ಷಿಕೆ ತನಗೆ ಬರಿಯ ಶೀರ್ಷಿಕೆಯಾಗಿರಲಿಲ್ಲವೆಂದು ಆತನು ಅದರಲ್ಲಿ ತಿಳಿಸಿದ್ದನು. ನಟ ರಾಬರ್ಟ್ ಸ್ಟ್ಯಾಕ್ ಅದನ್ನು ಓದಿದಾಗ ಲೂಸಿಲ್ಲಳು ಮೇಲಂತಸ್ತಿನ ಆಸನದಲ್ಲಿ ಕುಳಿತು ಕೇಳುತ್ತಿದ್ದಳು.